ಛತ್ರಿ ಹಿಡಿದವಳು

ಮೊನ್ನೆ ರವಿವಾರ ಮಧ್ಯಾಹ್ನ ಮುಸುರೆ ತಿಕ್ಕಿಟ್ಟು, ಕೈಕಾಲು ತೊಳೆದುಕೊಂಡು, ದೇವರ ಮುಂದೆ ಹತ್ತಿ ಬಿಡಿಸುತ್ತ ಕುಳಿತಿದ್ದೆ. ಶ್ರಾವಣ ಹತ್ತಿರ ಬಂತೆಂದರೆ ನನಗೆ ಬತ್ತಿಯ ಚಿಂತೆ. ಅಂಗಡಿಯಲ್ಲಿ ಹೊಸೆದ ಬತ್ತಿಯ ಪುಡಿಕೆಗಳು ಸಿಗುತ್ತವೆ, ನಿಜ. ಆದರೆ ಬೀಜ ಬಿಡಿಸಿ, ಎಳೆ ತೆಗೆದು, ಒಂದೊಂದಾಗಿ ಹೊಸೆಯುವಾಗ ಬಾಯಲ್ಲಿ ದೇವರ ಹೆಸರು ತಾನಾಗಿಯೇ ಬರುತ್ತದೆ. ಪುಡಿಕೆಯ ಬತ್ತಿಗೆ ಆ ಗುಣವಿಲ್ಲ. ಕಣ್ಣು ಇನ್ನೂ ಎಳೆ ಹಿಡಿಯುತ್ತವೆ, ಬೆರಳು ಇನ್ನೂ ಮಡಚುತ್ತವೆ. ಅಷ್ಟು ಕೊಟ್ಟಿದ್ದಾನಲ್ಲ, ಸಾಕು.

ಅಷ್ಟರಲ್ಲಿ ಕೆಳಗೆ ಢೋಲು ಶುರುವಾಯಿತು. ಊರ ಅಂಚಿನ ವಾಕಡದಲ್ಲಿರುವ ನಮ್ಮ ಕಟ್ಟಡದ ಹಿಂದೆ ಒಂದು ತುಂಡು ಬಯಲು ಇನ್ನೂ ಬಿಲ್ಡರ್‌ಗಳ ಕಣ್ಣಿಗೆ ಬೀಳದೆ ಉಳಿದಿದೆ. ಗಣಪತಿಗೆ ಎರಡು ತಿಂಗಳಿರುವಾಗಲೇ ಢೋಲ್-ತಾಶಾ ಪಥಕದವರು, ಅಂದರೆ ಮೆರವಣಿಗೆಯಲ್ಲಿ ಬಾರಿಸುವ ತಂಡದವರು, ಅಲ್ಲಿ ಸೇರಿ ಅಭ್ಯಾಸ ಮಾಡುತ್ತಾರೆ. ನಮ್ಮ ಹನ್ನೊಂದನೆಯ ಮಹಡಿಯ ಕಿಟಕಿಯ ಗಾಜು ನಡುಗುತ್ತದೆ. ಅಕ್ಕಪಕ್ಕದವರು ಕಿಟಕಿ ಮುಚ್ಚುತ್ತಾರೆ. ನಾನು ಮಾತ್ರ ತೆರೆದಿಡುತ್ತೇನೆ. ಯಾಕೆಂದು ನಮ್ಮವರು ಕೇಳುವುದನ್ನು ಬಿಟ್ಟಿದ್ದಾರೆ.

ಆಗಲೇ ಫೋನು ಬಂತು. ಮಧುರಾ, ನನ್ನ ನಾದಿನಿ ಶಕ್ಕುವಿನ ಮಗಳು.

"ಮಾಮಿ, ಆಯಿಗೆ ಬಲಗಿವಿನೂ ಹೋತ್ರಿ. ಎಡಗಿವಿ ಹೋದ ವರ್ಷನ ಹೋಗಿತ್ತಲ್ಲ. ಇನ್ನ ಮಷೀನ್ ಹಾಕಿದ್ರೂ ಉಪಯೋಗಿಲ್ಲ ಅಂದ್ರು ಡಾಕ್ಟರ್."

"ಏನೇನೂ ಕೇಳಸಂಗಿಲ್ಲೇನ?"

"ಏನೇನೂ ಇಲ್ಲ. ಆಕಿ ನಗಾಕತ್ತಾಳ. 'ಇನ್ನ ನಿಮ್ಮಪ್ಪನ ಗೊರಕಿ ಕಾಟ ತಪ್ಪಿತು' ಅಂತಾಳ."

ನಾನೂ ನಕ್ಕೆ. ಫೋನು ಇಟ್ಟ ಮೇಲೆ ನೋಡಿದರೆ ಕೈಯಲ್ಲಿದ್ದ ಹತ್ತಿ ಬೆವರಿಗೆ ಒದ್ದೆಯಾಗಿ ಗಂಟಾಗಿತ್ತು. ಹೇಳಬೇಕಾದ ಎರಡು ಮಾತನ್ನು ಇಪ್ಪತ್ತೈದು ವರ್ಷ ಇಟ್ಟುಕೊಂಡು ಕುಳಿತವಳು ನಾನು. ಕೇಳುವ ಕಿವಿಯೇ ಮುಚ್ಚಿಹೋಯಿತು.

ನಿಮಗೆ ಮೊದಲಿನಿಂದ ಹೇಳುತ್ತೇನೆ. ಆಗ ನಾವು ಊರೊಳಗೆ, ಪೇಟೆಯಲ್ಲಿ ಹತ್ತಾರು ಸಂಸಾರಗಳಿದ್ದ ಒಂದು ಹಳೆಯ ವಾಡೆಯಲ್ಲಿ ಎರಡು ಖೋಲಿಯ ಬಾಡಿಗೆಯ ಮನೆಯಲ್ಲಿದ್ದೆವು. ಬಾಗಲಕೋಟೆಯ ಕಡೆಯಿಂದ ಬಂದವರು. ಮಾವನವರು ತೀರಿದ ಮೇಲೆ ಶಕ್ಕು ಕಾಲೇಜು ಕಲಿಯಲೆಂದು ನಮ್ಮ ಹತ್ತಿರ ಬಂದಳು. ಒಂದು ಖೋಲಿಯಲ್ಲಿ ಅಡಿಗೆ ಮತ್ತು ದೇವರು, ಇನ್ನೊಂದರಲ್ಲಿ ಉಳಿದವರೆಲ್ಲ. ಹುಡುಗಿ ಚುರುಕು. ಆರು ತಿಂಗಳಲ್ಲಿ ಮರಾಠಿಯನ್ನು ವಾಡೆಯ ಮಾಲಕಿಗಿಂತ ಜೋರಾಗಿ ಮಾತನಾಡತೊಡಗಿದಳು. ಎರಡನೆಯ ವರ್ಷಕ್ಕೆ ಹೆಂಗಸರ ಪಥಕವೊಂದನ್ನು ಸೇರಿ ಕೊರಳಿಗೆ ತಾಶಾ ನೇತುಹಾಕಿಕೊಂಡು ಬಂದಳು.

ತಾಶಾ ನೋಡಲು ಏನೂ ಅಲ್ಲ. ಅಗಲ ಬೋಗುಣಿಯ ಬಾಯಿಗೆ ಚರ್ಮ ಬಿಗಿದಂತೆ, ಎರಡು ಸಣ್ಣ ಬೆತ್ತ. ಆದರೆ ಕಾದ ಎಣ್ಣೆಗೆ ಹಿಡಿ ಸಾಸಿವೆ ಸುರಿದಂತೆ ಚಟಪಟ ಅನ್ನುತ್ತದೆ. ದೊಡ್ಡ ಢೋಲುಗಳೆಲ್ಲ ಗುಡುಗಿದರೂ ಅವು ಕಣ್ಣಿಟ್ಟಿರುವುದು ತಾಶಾದವಳ ಮಣಿಕಟ್ಟಿನ ಮೇಲೆ. ಅವಳು ತಿರುಗಿದಲ್ಲಿ ಅರವತ್ತು ಢೋಲು ತಿರುಗುತ್ತವೆ. ನನ್ನ ಒಗ್ಗರಣೆಯ ಮಾತನ್ನು ಇಡೀ ಅಡಿಗೆ ಹೀಗೆ ಕೇಳಿದ್ದರೆ ಎಷ್ಟು ಚಂದ ಇತ್ತು ಅಂತ ಎಷ್ಟೋ ಸಲ ಅನಿಸಿದೆ.

ಮನೆಯಲ್ಲಿ ಅವಳು ತಾಟು, ಡಬ್ಬಿ, ಹಿಟ್ಟಿನ ಪರಾತ ಯಾವುದನ್ನೂ ಬಿಡುತ್ತಿರಲಿಲ್ಲ. ನಮ್ಮವರು ನಗುತ್ತಿದ್ದರು. "ಆಕಿ ತಾಶಾ ಬಾರಸ್ತಾಳ, ನೀ ಜಾಗಟಿ ಹಿಡಿ, ನಾ ಶಂಖ ಊದತೀನಿ. ಗುಡಿಗೆ ಹೋಗೂ ಖಟಪಟಿನ ಬ್ಯಾಡ!" ನನಗೆ ನಗು ಬರುತ್ತಿರಲಿಲ್ಲ. ಯಾಕೆ ಬರುತ್ತಿರಲಿಲ್ಲ ಎಂಬುದಕ್ಕೆ ಆಮೇಲೆ ಬರುತ್ತೇನೆ. ಅದನ್ನು ಬರೆಯಲೆಂದೇ ಕುಳಿತಿದ್ದೇನೆ, ಆದರೂ ಕೈ ಹಿಂದೆ ಸರಿಯುತ್ತದೆ.

ಗಣಪತಿಯನ್ನು ಕಳಿಸುವ ದಿನ. ನಾನು ಆ ವರ್ಷ ಲಕ್ಷಬತ್ತಿಯ ವ್ರತ ಹಿಡಿದಿದ್ದೆ. ಒಂದು ಲಕ್ಷ ಬತ್ತಿ ಹೊಸೆದು ದೇವರಿಗೆ ಅರ್ಪಿಸುವುದು. ಮಡಿಯಲ್ಲಿ ಬಿಡಿಸಿದ ಹತ್ತಿ ಬುಟ್ಟಿಯ ತುಂಬ ಇತ್ತು. ಶಕ್ಕು ಬಿಳಿ ಸಲ್ವಾರ್ ಕಮೀಜು ಹಾಕಿ, ನಡುವಿಗೆ ಕೇಸರಿ ಪಟ್ಟಿ ಬಿಗಿದು ಬಾಗಿಲಲ್ಲಿ ನಿಂತಳು.

"ವೈನಿ, ಒಂದೀಟು ಹತ್ತಿ ಕೊಡ್ರಿ. ಕಿವ್ಯಾಗ ಇಟಗೋತೀನಿ. ಇವತ್ತ ಏಳೆಂಟು ತಾಸು ನಡೀತದ."

"ದೇವರ ಹತ್ತಿ ಅದು. ಕಿವ್ಯಾಗ ತುರಕಲಿಕ್ಕೆ ಅಲ್ಲ."

"ಚೂರ ಸಾಕ್ರಿ. ಎರಡ ಬತ್ತಿ ಅಷ್ಟು."

"ಎಣಿಸಿಟ್ಟದ್ದು ತಪ್ಪತದ. ಮುಟ್ಟಬ್ಯಾಡ, ನನ್ನ ಮಡಿ ಅದ."

ಅವಳು ಇನ್ನೊಮ್ಮೆ ಕೇಳಲಿಲ್ಲ. "ಆತ ಬಿಡ್ರಿ" ಅಂದು ಓಡಿದಳು. ಹಾಸಿಗೆಯ ಮೂಲೆ ಹರಿದು ಹತ್ತಿ ಇಣುಕುತ್ತಿತ್ತು, ಅದನ್ನಾದರೂ ತೆಗೆದುಕೊಡಬಹುದಿತ್ತು. ಕೊಡಲಿಲ್ಲ. ಮಡಿ ಎಂಬುದು ನನ್ನ ಬಾಯಿಗೆ ಬಂದ ಮಾತು. ಹೊಟ್ಟೆಯಲ್ಲಿದ್ದದ್ದು ಬೇರೆ. ಅವಳಿಗಿಂತ ಎಂಟೇ ವರ್ಷ ದೊಡ್ಡವಳು ನಾನು. ಅವಳ ಮೆರವಣಿಗೆಯ ದಿನ ನಾನು ಬುತ್ತಿ ಕಟ್ಟಬೇಕು, ಅವಳು ಬಿಚ್ಚಿಟ್ಟ ಬಟ್ಟೆ ಮಡಚಬೇಕು, ಬಂದಾಗ ಬಿಸಿನೀರು ಕೊಡಬೇಕು. ಬೀದಿಯಲ್ಲಿ ಜನ ನೋಡುವುದು ಅವಳನ್ನು. ಹೊಟ್ಟೆಕಿಚ್ಚು ಅನ್ನುವ ಶಬ್ದ ಬರೆಯಲು ಇಷ್ಟು ಸಣ್ಣದು. ಒಪ್ಪಿಕೊಳ್ಳಲು ನನಗೆ ಇಪ್ಪತ್ತೈದು ವರ್ಷ ಹಿಡಿಯಿತು.

ಮಧ್ಯಾಹ್ನ ನಮ್ಮ ಓಣಿಯ ಬಾಯಿಗೆ ಪಥಕ ಬರುವುದಕ್ಕೂ ಮಳೆ ಬರುವುದಕ್ಕೂ ಸರಿಯಾಯಿತು. ನಾನು ವಾಡೆಯ ಮೆಟ್ಟಿಲ ಮೇಲಿದ್ದೆ. ಆಗ ಢೋಲಿಗೆಲ್ಲ ಚರ್ಮವೇ ಇರುತ್ತಿತ್ತು. ತೊಯ್ದ ಢೋಲು ಒದ್ದೆ ಗೋಣಿಚೀಲ ಬಡಿದಂತೆ ಥಪ್ ಥಪ್ ಅಂದು ಒಂದೊಂದಾಗಿ ನಿಂತವು. ಗಣಪತಿಯ ಗಾಡಿ ನಿಂತಿತು. ಜನ ಅಂಗಡಿಗಳ ಸೂರಿಗೆ ಓಡಿದರು. ಶಕ್ಕು ಮಾತ್ರ ಬೀದಿಯ ನಡುವೆ ತಲೆ ಬಗ್ಗಿಸಿ, ಕಣ್ಣು ಮುಚ್ಚಿ, ತಾಶಾದ ಮೇಲೆ ಬಾಗಿ ಬಾರಿಸುತ್ತಲೇ ಇದ್ದಳು. ಮೈಯಿಂದ ಮಳೆಗೆ ಅಡ್ಡ ಹಿಡಿದಿದ್ದಳು, ಮಗುವನ್ನು ಹಿಡಿದಂತೆ. ಇನ್ನು ನಾಲ್ಕು ಹನಿ ಬಿದ್ದರೆ ಅದೂ ಸತ್ತಂತೆಯೇ.

ನಮ್ಮ ಛತ್ರಿ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ನಾನು ಅದನ್ನು ನೋಡಿದೆ. ಚಾಚಲಿಲ್ಲ.

ಸೂರಿನ ಕೆಳಗಿನಿಂದ ಒಬ್ಬ ಹೆಂಗಸು ಇಳಿದಳು. ಬೆಳ್ಳುಳ್ಳಿ ಸಿಪ್ಪೆಯ ಬಣ್ಣದ ಸೀರೆ, ಒಂದು ಕೈಯಲ್ಲಿ ಕಾಯಿಪಲ್ಲೆಯ ಚೀಲ, ಇನ್ನೊಂದರಲ್ಲಿ ಕರಿ ಛತ್ರಿ. ಹೋಗಿ ಹಿಡಿದಳು. ತನ್ನ ತಲೆಗಲ್ಲ, ಶಕ್ಕುವಿನ ತಲೆಗೂ ಅಲ್ಲ, ತಾಶಾದ ಮೇಲೆ. ಇಬ್ಬರೂ ತೊಯ್ದರು, ವಾದ್ಯ ತೊಯ್ಯಲಿಲ್ಲ. ತಾಶಾ ಒಂದೇ ನುಡಿಯಿತು. ಸ್ವಲ್ಪ ಹೊತ್ತಿಗೆ ಢೋಲಿನ ಹೆಣ್ಣುಮಕ್ಕಳು ತಮ್ಮ ಕೋಲುಗಳಿಂದ ಢೋಲಿನ ಅಂಚಿಗೆ ತಾಳ ಕೊಡತೊಡಗಿದರು, ಟಕ್ ಟಕ್ ಟಕ್. ಆಮೇಲೆ ಸೂರಿನ ಕೆಳಗಿನ ಜನ ಚಪ್ಪಾಳೆ ಹಾಕಿದರು. ಗುಡುಗಿಲ್ಲದ ಮೆರವಣಿಗೆ. ಬರೀ ಮಳೆ, ಕಟ್ಟಿಗೆ, ಅಂಗೈ, ಮತ್ತು ನಡುವೆ ಒಂದು ಹುಡುಗಿಯ ಎರಡು ಬೆತ್ತ. ನಾನು ಈ ಊರಲ್ಲಿ ಎಷ್ಟೋ ಪಥಕ ನೋಡಿದ್ದೇನೆ, ನೂರು ನೂರು ಢೋಲಿನವು. ಎದೆ ನಡುಗಿಸುತ್ತವೆ, ಮರುದಿನ ಮರೆತುಹೋಗುತ್ತವೆ. ನೆನಪಾಗಿ ಉಳಿಯುವುದು ಏನೋ ಕೆಟ್ಟು ನಿಂತಾಗ ಯಾರೋ ಒಬ್ಬರು ನಿಲ್ಲದೇ ಇದ್ದದ್ದು.

ಮಳೆ ಸಣ್ಣದಾಯಿತು. ಛತ್ರಿಯವಳು ಬಸ್ಸಿಗೆ ತಡವಾಯಿತೋ ಏನೋ, ಚೀಲ ಎತ್ತಿಕೊಂಡು ಗುಂಪಿನಲ್ಲಿ ಹೋಗಿಬಿಟ್ಟಳು. ಆಗ ನನಗೆ ನಾಚಿಕೆಯಾಯಿತು. ಟಾವೆಲ್ಲೂ ನಮ್ಮ ಛತ್ರಿಯೂ ಹಿಡಿದು ಕೆಳಗೆ ಓಡಿದೆ. ಶಕ್ಕು ಕಣ್ಣು ತೆರೆದಾಗ ಎದುರಿಗೆ ಛತ್ರಿ ಹಿಡಿದು ನಿಂತವಳು ನಾನು.

ಕಥೆ ಹುಟ್ಟುವುದು ಹಾಗೆ ನೋಡಿ. ಸಂಜೆಗೇ ವಾಡೆಯ ಮಾಲಕಿ ಎಲ್ಲರಿಗೂ ಹೇಳಿದಳು, "ಕಾನಡಿ ವಹಿನಿನೇ ಛತ್ರಿ ಧರಲಿ!" ಕನ್ನಡದ ವೈನಿಯೇ ಛತ್ರಿ ಹಿಡಿದಳಂತೆ. ಮುಂದಿನ ವರ್ಷಕ್ಕೆ ಹತ್ತು ನಿಮಿಷದ ಮಳೆ ಅರ್ಧ ತಾಸಿನದಾಯಿತು. ಅರವತ್ತು ಢೋಲು ನೂರಾದವು. ನಾನು ಮಡಿಸೀರೆಯಲ್ಲೇ ಓಡಿ ಬಂದೆನೆಂದೂ, ವ್ರತ ಕೆಟ್ಟರೂ ಕೆಡಲಿ ಅಂದೆನೆಂದೂ ಸೇರಿಕೊಂಡಿತು. ಜನ ಹೊಗಳಿದಾಗ ನಾನು "ಅದರಾಗೇನದ ಬಿಡ್ರಿ" ಅನ್ನುತ್ತಿದ್ದೆ. ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ಶಕ್ಕು ಪ್ರತಿ ವರ್ಷ ಗಣಪತಿ ಕಳಿಸುವ ದಿನ ಬಾರಿಸಲು ಹೋಗುವ ಮೊದಲು ನನ್ನ ಕಾಲಿಗೆ ನಮಸ್ಕಾರ ಮಾಡತೊಡಗಿದಳು. ನಾನು ಕಾಲು ಹಿಂದೆ ತೆಗೆದುಕೊಳ್ಳಲಿಲ್ಲ.

ಆ ಮಳೆಯ ದಿನ ರಾತ್ರಿ ಊಟಕ್ಕೆ ಕುಳಿತಾಗ ಅವಳು ಅಂದದ್ದು ಮಾತ್ರ ಯಾರ ಕಥೆಯಲ್ಲೂ ಇಲ್ಲ. "ವೈನಿ, ಕಿವ್ಯಾಗ ಹಿಟ್ಟಿನ ಗಿರಣಿ ನಡದಂಗ ಆಗೇದರಿ." ಮುಂದೆ ಏಳು ವರ್ಷ ಬಾರಿಸಿದಳು. ಗಿರಣಿ ನಿಲ್ಲಲೇ ಇಲ್ಲ. ಆಮೇಲೆ ಮದುವೆ, ಯೆರವಡಾದಲ್ಲಿ ಮನೆ, ಮಗಳು, ಕಿವಿಗೆ ಮಷೀನು. ಬರೀ ಹತ್ತಿ ಅಂಥ ಸದ್ದನ್ನು ಏನು ತಡೆಯುತ್ತದೆ ಎಂದು ಡಾಕ್ಟರರು ಒಮ್ಮೆ ನಕ್ಕಿದ್ದರು. ಇರಬಹುದು. ತಡೆಯುತ್ತಿತ್ತೋ ಇಲ್ಲವೋ ಎಂಬ ಲೆಕ್ಕ ಡಾಕ್ಟರರದು. ಕೇಳಿದಾಗ ಕೊಡಲಿಲ್ಲ ಎಂಬುದು ನನ್ನದು. ಮದುವೆಯ ದಿನ ಹೇಳೋಣವೆಂದುಕೊಂಡೆ, ಬಾಣಂತನದಲ್ಲಿ ಹೇಳೋಣವೆಂದುಕೊಂಡೆ, ಮಷೀನು ಬಂದ ಮೇಲೆ ಚೆನ್ನಾಗಿ ಕೇಳಿಸುತ್ತದಲ್ಲ, ಆಗ ಹೇಳೋಣವೆಂದುಕೊಂಡೆ.

ಸೋಮವಾರ ಎರಡು ಬಸ್ಸು ಬದಲಿಸಿ ಯೆರವಡಾಕ್ಕೆ ಹೋದೆ. ಶಕ್ಕು ಬಾಗಿಲು ತೆರೆದು ನನ್ನ ಕೈಗೆ ಒಂದು ಪಾಟಿ ಕೊಟ್ಟಳು, ಬಾಲವಾಡಿ ಮಕ್ಕಳದು, ಕಟ್ಟಿಗೆಯ ಚೌಕಟ್ಟಿನದು. "ಬರೀರಿ ವೈನಿ, ನನ್ನ ಹೊಸಾ ಕಿವಿ ಇದು!" ಧ್ವನಿ ಬೀದಿಗೆಲ್ಲ ಕೇಳುವಷ್ಟು ಜೋರು. ಮಧುರಾ ಒಳಗಿನಿಂದ ಕೈ ಬೀಸಿ ಅಭ್ಯಾಸಕ್ಕೆ ಹೊರಟಳು. ಅವಳೂ ಪಥಕದವಳೇ. ಅವಳ ಕಿವಿಯಲ್ಲಿ ಕಿತ್ತಳೆ ಬಣ್ಣದ ಬಿರಡೆಗಳಿದ್ದವು. ದೇವರೇ, ಅದೊಂದು ಪುಣ್ಯ.

ಬರೆದೆ. ಹತ್ತಿಯ ಮಾತಿಗೇ ಪಾಟಿ ತುಂಬಿತು. ಅವಳು ಬೆರಳಿಟ್ಟು ಓದಿದಳು. ಓದಿ ಗಹಗಹಿಸಿ ನಕ್ಕಳು.

"ಅಯ್ಯ ವೈನಿ, ನಾ ಹತ್ತಿ ಕೇಳಿದ್ನೇನು? ನನಗ ನೆನಪ ಇಲ್ಲಲ್ರೀ. ಇದನ್ನ ಹೊತಗೊಂಡು ಇಷ್ಟ ವರ್ಷ ಅಡ್ಡಾಡಿದ್ರೇನು? ಎರಡ ಬತ್ತಿ ಕಡಿಮಿ ಬಿದ್ದಿದ್ರ ಗಣಪತಿ ನನ್ನ ಬೆನ್ನ ಹತ್ತತಿದ್ದ!" ಸೆರಗಿನಿಂದ ಪಾಟಿ ಒರೆಸಿಬಿಟ್ಟಳು. "ನನಗ ನಿಮ್ಮ ಛತ್ರಿ ಒಂದ ನೆನಪದ. ಅಷ್ಟ ಸಾಕು."

ಅಲ್ಲಿಗೇ ನಿಲ್ಲಿಸಬಹುದಿತ್ತು. ಒರೆಸಿದ ಪಾಟಿ ಕೈಯಲ್ಲಿತ್ತು. ಬಳಪ ಹಿಡಿದು ಬರೆದೆ: ಛತ್ರಿ ಹಿಡಿದವಳು ನಾನಲ್ಲ. ನಾನು ಮೆಟ್ಟಿಲ ಮೇಲೆ ನೋಡುತ್ತ ನಿಂತಿದ್ದೆ. ಮಳೆ ಸಣ್ಣದಾದ ಮೇಲೆ ಬಂದೆ.

ಅವಳು ಎರಡು ಸಲ ಓದಿದಳು. ಈ ಸಲ ನಗಲಿಲ್ಲ. ಮೊದಲ ಬಾರಿ ಸಣ್ಣ ಧ್ವನಿಯಲ್ಲಿ ಕೇಳಿದಳು.

"ಹಂಗಾರ ಆಕಿ ಯಾರ್ರಿ?"

ನಾನು ತಲೆ ಅಲ್ಲಾಡಿಸಿದೆ.

"ಮುಖಾನೂ ನೋಡಲಿಲ್ಲೇನು?"

ಇಲ್ಲ ಎಂದು ಪಾಟಿಯ ಮೂಲೆಯಲ್ಲಿ ಬರೆದೆ.

"ಯಾರೂ ಆಕಿಗೆ ಒಂದ ಕಪ್ ಚಹಾ ಸೈತ ಕೇಳಲಿಲ್ಲ," ಅಂದಳು. ಪಾಟಿಯನ್ನು ಒರೆಸದೆ ಬೋರಲು ಹಾಕಿ ಒಳಗೆ ಹೋದಳು. ನಾನು ಕರೆದರೂ ಅವಳಿಗೆ ಕೇಳುವಂತಿರಲಿಲ್ಲ. ಕೊನೆಗೆ ಚಹಾ ಬಂತು. ನನಗೆ ಬೇಕಾದಂತೆ ಸಕ್ಕರೆ ಕಡಿಮೆ ಹಾಕಿದ್ದಳು. ಅದನ್ನೇ ದೊಡ್ಡದೆಂದು ಕುಡಿದೆ. ಹೊರಡುವಾಗ ಪ್ರತಿ ಸಲದಂತೆ ಕುಂಕುಮ ಹಚ್ಚಿದಳು, ಬಗ್ಗಿ ನಮಸ್ಕಾರ ಮಾಡಲಿಲ್ಲ. ಸರಿಯೇ ಇತ್ತು.

ಮನೆಗೆ ಬಂದು ಕೈಕಾಲು ತೊಳೆದು ಮತ್ತೆ ಹತ್ತಿಯ ಮುಂದೆ ಕುಳಿತೆ. ಕೆಳಗಿನ ಬಯಲಿನಲ್ಲಿ ಒಬ್ಬಳೇ ಯಾರೋ ತಾಶಾದ ಮೇಲೆ ಒಂದೇ ಪೆಟ್ಟನ್ನು ಮತ್ತೆ ಮತ್ತೆ ತಪ್ಪುತ್ತ, ತಿದ್ದುತ್ತ ಇದ್ದಳು. ಛತ್ರಿಯವಳದೆಂದು ನನಗೆ ನೆನಪಿರುವುದು ಬೆಳ್ಳುಳ್ಳಿ ಸಿಪ್ಪೆಯ ಬಣ್ಣದ ಸೀರೆ, ಕಾಯಿಪಲ್ಲೆಯ ಚೀಲ, ಅಷ್ಟೇ. ಇಷ್ಟು ವರ್ಷ ಅವಳಿಗೆ ಸಲ್ಲಬೇಕಾದ ನಮಸ್ಕಾರಗಳನ್ನೆಲ್ಲ ನಾನು ತೆಗೆದುಕೊಂಡಿದ್ದೆ. ಒಂದು ಬತ್ತಿ ಹೊಸೆದು, ಎಣಿಕೆಗೆ ಹಿಡಿಯದೆ, ಅವಳ ಹೆಸರಿನಲ್ಲಿ ಇಡೋಣವೆಂದರೆ ಹೆಸರು ಗೊತ್ತಿಲ್ಲ. ಹಾಗೆಯೇ ಇಟ್ಟೆ.

ಆಮೇಲೆ ನೆನಪಾಯಿತು, ಮರುದಿನ ಏಕಾದಶಿ. ಎದ್ದು ಉಪವಾಸಕ್ಕೆಂದು ಸಾಬೂದಾಣಿ ತೊಳೆದು ನೆನೆ ಹಾಕಿದೆ.