ಸಿಹಿ ಒಲ್ಲದ ಮೈ

ಮಿಠಾಯಿ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಪಾಕದಮ್ಮ ಎಂದೇ ಕರೆಯುತ್ತಿದ್ದರು. ಅಗಲ ಬಾಣಲೆ, ಕೆಳಗೆ ಬುಸುಗುಡುವ ಒಲೆ, ಒಳಗೆ ಕೊತಕೊತ ಕುದಿಯುವ ಸಕ್ಕರೆ, ಪಕ್ಕದಲ್ಲಿ ಉದ್ದ ಸೌಟು ಹಿಡಿದು ನಿಂತ ಅವಳು. ತಣ್ಣೀರಿಗೆ ಒಂದು ಹನಿ ಬಿಟ್ಟು, ಬೆರಳಲ್ಲಿ ಉರುಟಿ, ಹದ ಬಂತೋ ಇಲ್ಲವೋ ಹೇಳುತ್ತಿದ್ದಳು. ಅಲ್ಲಿ ಒಂದು ಕಟ್ಟಳೆ ಇತ್ತು. ಪಾಕ ಕುದಿಸಿದವರೇ ಮೊದಲ ಮಿಠಾಯಿಯನ್ನು ಎಲ್ಲರ ಎದುರಿಗೆ ಬಾಯಿಗೆ ಹಾಕಿಕೊಳ್ಳಬೇಕು, ಉಳಿದದ್ದು ಆಮೇಲೆ ಕಾಗದ ಸುತ್ತುವ ಮೇಜಿಗೆ ಹೋಗಬೇಕು. ಪಾಕದಮ್ಮ ಹಾಕಿಕೊಳ್ಳುತ್ತಿದ್ದಳು, "ಆಯ್ತು, ತಗೊಂಡೋಗಿ" ಎಂದು ತಲೆಯಾಡಿಸುತ್ತಿದ್ದಳು. ಮರುಕ್ಷಣವೇ ಮುಖ ಒರೆಸುವ ನೆಪದಲ್ಲಿ ಅದನ್ನು ಟವೆಲಿಗೆ ಉಗಿದು ಮಡಚಿಬಿಡುತ್ತಿದ್ದಳು. ಇಷ್ಟು ವರ್ಷದಲ್ಲಿ ಒಂದು ನರಪಿಳ್ಳೆಗೂ ಇದು ಗೊತ್ತಾಗಿರಲಿಲ್ಲ.

ಸಿಹಿ ಅವಳ ಮೈಗೆ ಆಗುತ್ತಿರಲಿಲ್ಲ. ಹಣ್ಣಾದರೂ ಅಷ್ಟೇ, ಬೆಲ್ಲವಾದರೂ ಅಷ್ಟೇ. ಹೊಟ್ಟೆ ತೊಳಸಿ, ಮೈ ತಣ್ಣಗೆ ಬೆವತು, ಕೈಕಾಲು ನಡುಗಿ, ಕಣ್ಣು ಕತ್ತಲಿಡುತ್ತಿತ್ತು. ಚಿಕ್ಕವಳಿದ್ದಾಗ ಬಾಯಿಬಿಟ್ಟು ಹೇಳಿದ್ದಳು. ಹೇಳಿದ್ದಕ್ಕೆ ಸಿಕ್ಕಿದ್ದು ಬೆನ್ನಿಗೊಂದು ಗುದ್ದು. "ಕೊಬ್ಬು ನಿಂಗೆ! ಊರಿಗೆಲ್ಲ ಬೇಕಾದ್ದು ನಿಂಗೊಬ್ಬಳಿಗೆ ಬೇಡ್ವಾ?" ದೊಡ್ಡವರೆಲ್ಲ ಸೇರಿ ಒಂದೇ ಮಾತು ಹೇಳಿದರೆ ಮಗು ನಂಬದೆ ಇನ್ನೇನು ಮಾಡೀತು? ಅವಳೂ ನಂಬಿದಳು. ಇದು ಕಾಯಿಲೆಯಲ್ಲ, ತನ್ನ ಹಟ, ತನ್ನ ಕೆಟ್ಟ ಚಾಳಿ. ದೊಡ್ಡವಳಾದ ಮೇಲೆ ಮಿಠಾಯಿ ಕೆಲಸವನ್ನೇ ಹುಡುಕಿಕೊಂಡು ಹೋದಳು. ದಿನವಿಡೀ ಪಾಕದ ಹಬೆ ಕುಡಿದವಳಿಗೆ ಸಿಹಿ ಸೇರುವುದಿಲ್ಲ ಎಂದರೆ ಯಾರೂ ಹುಬ್ಬೇರಿಸುವುದಿಲ್ಲವಲ್ಲ! ಚಾಳಿಯನ್ನು ಬಚ್ಚಿಡಲು ಅದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. ಹಬೆ ಕುಡಿದು ಕುಡಿದು ಸಿಹಿ ಬೇಸರವಾಗಿದೆ ಎಂದೇ ಮಗನಿಗೂ ಹೇಳಿ ಬೆಳೆಸಿದ್ದಳು.

ಮಗ ಅದೇ ಕಾರ್ಖಾನೆಯ ವ್ಯಾನು ಓಡಿಸುತ್ತಿದ್ದ. ಸೊಸೆ ಹೊರಗಿನವಳಲ್ಲ, ಪಾಕದಮ್ಮನ ಸ್ವಂತ ತಮ್ಮನ ಮಗಳು. ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸ ಅವಳದು. ಮೊಮ್ಮಗಳು ಪುಟ್ಟಿಗೆ ಇನ್ನೂ ಹಲ್ಲು ಮೂಡುತ್ತಿದ್ದವು. ಅಮ್ಮನ ಹಾಲು ಕುಡಿದುಕೊಂಡಿದ್ದಷ್ಟು ದಿನ ಮಗು ದುಂಡುದುಂಡಗಿತ್ತು. ಸೊಸೆ ಮಧ್ಯಾಹ್ನದ ಪಾಳಿಗೆ ಹೋಗಲು ಶುರುಮಾಡಿದ ಮೇಲೆ, ಬೆಳಗಿನ ಕೆಲಸ ಮುಗಿಸಿ ಬರುವ ಪಾಕದಮ್ಮನ ಕೈಗೆ ಮಗು ಬಂತು, ಬಾಳೆಹಣ್ಣು ಕಿವುಚಿ ಕೊಡುವುದೂ ಶುರುವಾಯಿತು. ಪುಟ್ಟಿ ಎರಡು ಚಮಚ ನುಂಗಿ ವಾಂತಿ ಮಾಡಿದಳು. ಮರುದಿನ ಚಮಚ ಕಂಡೊಡನೆ ಮುಖ ತಿರುಗಿಸಿದಳು.

"ಹಣ್ಣು ಒಗ್ತಾ ಇಲ್ಲ ಅತ್ತೆ. ಸದ್ಯಕ್ಕೆ ನಿಲ್ಲಿಸೋಣ. ನನ್ನ ಹಾಲು, ಗಂಜಿ, ಅಷ್ಟೇ ಸಾಕು."

"ಹೂಂ, ನಿಲ್ಲಿಸೋಣ" ಎಂದಳು ಪಾಕದಮ್ಮ.

ಅಂದದ್ದು ಬಾಯಿ ಮಾತ್ರ. ಮುಖ ತಿರುಗಿಸಿದ ಆ ಕತ್ತನ್ನು ಕಂಡು ಅವಳ ಎದೆ ಧಸಕ್ಕೆಂದಿತ್ತು. ಅಯ್ಯೋ, ನನ್ನ ಚಾಳಿ ಇದಕ್ಕೂ ಬಂತು! ನಾಳೆ ಇದರ ಬೆನ್ನಿಗೂ ಗುದ್ದು ಬೀಳುತ್ತದೆ, ಇದೂ ಜೀವಮಾನವಿಡೀ ಟವೆಲಿಗೆ ಉಗಿಯುತ್ತ ಬದುಕಬೇಕಾಗುತ್ತದೆ. ಮೊಳಕೆಯಲ್ಲೇ ಚಿವುಟಿದರೆ ಹೋದೀತು ಎಂದುಕೊಂಡಳು. ಸೊಸೆ ಬಾಗಿಲು ದಾಟಿದ ಮೇಲೆ ಗಂಜಿಗೆ ಸಕ್ಕರೆ ಬೆರೆಸಿದಳು, ಮೂಗು ಹಿಡಿದು ಕುಡಿಸಿದಳು. ಪ್ರೀತಿಯಿಂದಲೇ ಕುಡಿಸಿದಳು, ಅದೇ ಸಂಕಟ. ಮಗು ಸೊರಗಿತು. ಸೊರಗಿತಲ್ಲ ಎಂದು ಶಕ್ತಿ ಬರಲಿ ಅಂತ ಸಕ್ಕರೆ ನೀರು ಕೊಟ್ಟಳು. ಇನ್ನಷ್ಟು ಸೊರಗಿತು, ಇನ್ನಷ್ಟು ಕೊಟ್ಟಳು.

ಒಂದು ಸಂಜೆ ಸೊಸೆ ಕೆಲಸದಿಂದ ಬಂದು ಮಗುವನ್ನು ಎತ್ತಿಕೊಂಡರೆ ಅದು ಒದ್ದೆ ಬಟ್ಟೆಯ ಹಾಗೆ ತೋಳಿನ ಮೇಲೆ ಜೋತುಬಿತ್ತು. ಹಣೆಯಲ್ಲಿ ತಣ್ಣನೆಯ ಬೆವರು. ಕಣ್ಣಿನ ಬಿಳಿಯಲ್ಲಿ ಹಳದಿ.

ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ ಮುಖ ಗಂಟಿಕ್ಕಿದರು. "ಲಿವರ್ ಊದಿದೆ. ರಕ್ತದಲ್ಲಿ ಗ್ಲೂಕೋಸು ತೀರಾ ಕಮ್ಮಿ. ಏನೇನು ತಿನ್ನಿಸ್ತಿದ್ರಿ?"

"ನನ್ನ ಹಾಲು, ಗಂಜಿ" ಎಂದಳು ಸೊಸೆ. "ಹಣ್ಣು ಕೊಟ್ರೆ ವಾಂತಿ ಮಾಡ್ತಿದ್ಲು. ಯಾವಾಗ್ಲೋ ನಿಲ್ಲಿಸಿಬಿಟ್ವಿ."

"ಸಕ್ಕರೆ, ಜೇನು, ಏನೂ ಇಲ್ವಾ?"

"ಏನೂ ಇಲ್ಲ. ಅಲ್ವಾ ಅತ್ತೆ?"

ಪಾಕದಮ್ಮನ ತಲೆ ತಾನಾಗಿಯೇ ಹೌದೆಂದು ಆಡಿತು.

"ಮನೇಲಿ ಸಿಹಿ ತಿಂದ್ರೆ ಆಗದವರು ಯಾರಾದ್ರೂ ಇದಾರಾ? ಯೋಚನೆ ಮಾಡಿ ಹೇಳಿ."

ಮಗ ಆ ಗಾಬರಿಯಲ್ಲೂ ನಕ್ಕುಬಿಟ್ಟ. "ನಮ್ದು ಮಿಠಾಯಿ ಮನೆ ಡಾಕ್ಟ್ರೇ. ಅಮ್ಮ ಬಾಯಿಗೆ ಹಾಕ್ಕೊಂಡು ಸೈ ಅಂದ್ರೇನೇ ಮಾಲು ಅಂಗಡಿಗೆ ಹೋಗೋದು."

"ಹಾಗಾದ್ರೆ ಅದಲ್ಲ ಬಿಡಿ. ಬೇರೆ ಏನೋ ಸೋಂಕಿರಬೇಕು" ಎಂದು ಡಾಕ್ಟರಮ್ಮ ನರ್ಸಿನ ಕಡೆ ತಿರುಗಿದರು. ಸತ್ಯದ ಬಾಗಿಲವರೆಗೆ ಬಂದವರನ್ನು ಪಾಕದಮ್ಮ ಒಂದು ತಲೆಯಾಡಿಸುವಿಕೆಯಿಂದ ಹಿಂದಕ್ಕೆ ಕಳಿಸಿದ್ದಳು. ಸಕ್ಕರೆಗೂ ಲಿವರಿಗೂ ಏನು ಸಂಬಂಧ ಎಂದು ತನಗೆ ತಾನೇ ಹೇಳಿಕೊಂಡಳು. ಸೊಸೆಗೆ ಗೊತ್ತಾದರೆ ಮಗುವನ್ನು ಇನ್ನು ಮುಟ್ಟಲೂ ಬಿಡುವುದಿಲ್ಲ ಎಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು.

ಸೂಜಿ ಚುಚ್ಚಿ ಗ್ಲೂಕೋಸು ಹಾಕಿದರು. ಬೆಳಗಾಗುವಷ್ಟರಲ್ಲಿ ಪುಟ್ಟಿ ಕಣ್ಣುಬಿಟ್ಟಳು, ಕಾಲು ಬಡಿದಳು. ಎಲ್ಲರೂ ಉಸಿರುಬಿಟ್ಟರು. ಡ್ರಿಪ್ ತೆಗೆದು, ಬಾಯಿಗೆ ಕೊಡುವ ಔಷಧಿ ಶುರುಮಾಡಿದರು. ಗುಲಾಬಿ ಬಣ್ಣದ ಸಿರಪ್ಪು. ಅದನ್ನು ಕುಡಿದ ಸ್ವಲ್ಪ ಹೊತ್ತಿಗೆ ಮಗು ವಾಂತಿ ಮಾಡಿ ಮತ್ತೆ ಸಪ್ಪಗಾಯಿತು. ಮಧ್ಯಾಹ್ನದ ಹೊತ್ತಿಗೆ ತುಟಿ ಬಿಳಿಚಿಕೊಂಡಿತ್ತು. ಸೊಸೆ ಮಂಚದ ಕಂಬಿ ಹಿಡಿದು ಅಳುತ್ತಿದ್ದಳು. ಅಷ್ಟರಲ್ಲಿ ನರ್ಸು ಎರಡನೇ ಸಲದ ಔಷಧಿ ತಂದು, ಮುಚ್ಚಳದಲ್ಲಿ ಅಳೆದು, ಚಮಚಕ್ಕೆ ಸುರಿದಳು.

ಕತ್ತೆತ್ತಲೂ ತ್ರಾಣವಿಲ್ಲದ ಆ ಮಗು ಚಮಚ ಹತ್ತಿರ ಬಂದೊಡನೆ ಇದ್ದಬದ್ದ ಶಕ್ತಿಯೆಲ್ಲ ಕೂಡಿಸಿಕೊಂಡು ಮುಖ ಆಚೆ ತಿರುಗಿಸಿತು.

ಪಾಕದಮ್ಮನ ಮೈ ಜುಮ್ಮೆಂದಿತು. ಇಷ್ಟು ಸೋತ ಜೀವಕ್ಕೆ ಹಟ ಮಾಡಲು ಎಲ್ಲಿಂದ ಬರಬೇಕು ಶಕ್ತಿ? ಇದು ಹಟವಲ್ಲ. ಇದು ಹೆದರಿಕೆ. ಈ ಹೆದರಿಕೆಯ ಗುರುತು ಅವಳ ಹೊಟ್ಟೆಗಿತ್ತು. ಎದ್ದವಳೇ ನರ್ಸಿನ ಮಣಿಕಟ್ಟು ಹಿಡಿದುಕೊಂಡಳು.

"ಕೊಡಬೇಡಿ! ಅದು ಸಿಹಿ ಇದೆ, ಕೊಡಬೇಡಿ! ಡಾಕ್ಟರಮ್ಮನ್ನ ಕರೀರಿ!"

"ಅಮ್ಮಾ, ಏನಾಗಿದೆ ನಿಂಗೆ? ಬಿಡು ಅವರ ಕೈ" ಎಂದು ಮಗ ರೇಗಿದ.

"ನಂಗೆ ಸಿಹಿ ಆಗಲ್ಲ ಕಣೋ. ಹುಟ್ಟಿದಾಗಿಂದ ಆಗಲ್ಲ. ತಿಂದ್ರೆ ಹೀಗೇ ಬೆವರ್ತೀನಿ, ಹೀಗೇ ವಾಂತಿ ಆಗುತ್ತೆ. ಕಾರ್ಖಾನೇಲಿ ದಿನಾ ಉಗೀತೀನಿ." ಆಮೇಲೆ ಸೊಸೆಯ ಕಡೆ ನೋಡದೆ ಹೇಳಿದಳು. "ಮಗುಗೂ ಕೊಟ್ಟೆ. ನೀನು ಬೇಡ ಅಂದ್ಮೇಲೂ ಕೊಟ್ಟೆ. ದಿನಾ ಗಂಜಿಗೆ ಬೆರೆಸಿ ಕೊಟ್ಟೆ."

ಸೊಸೆ ಮಗುವನ್ನು ಎತ್ತಿ ಎದೆಗವಚಿಕೊಂಡಳು.

ಡಾಕ್ಟರಮ್ಮ ಓಡಿಬಂದರು, ಕೇಳಿದರು, ಬೈಯುತ್ತ ಕೂರಲಿಲ್ಲ. ಸಿರಪ್ಪುಗಳನ್ನೆಲ್ಲ ನಿಲ್ಲಿಸಿ ಮತ್ತೆ ಗ್ಲೂಕೋಸು ಹಚ್ಚಿಸಿದರು. ಮುಂದಿನ ದಿನಗಳಲ್ಲಿ ಮಗುವಿನ ಕಣ್ಣಿನ ಹಳದಿ ಮೆಲ್ಲಗೆ ಇಳಿಯಿತು. ಡಾಕ್ಟರಮ್ಮ ರಕ್ತವನ್ನು ದೂರದ ಪ್ರಯೋಗಾಲಯಕ್ಕೆ ಕಳಿಸಿ, ಮೂವರನ್ನೂ ಮಂಚದ ಪಕ್ಕದಲ್ಲೇ ಕೂರಿಸಿಕೊಂಡು ವಿವರಿಸಿದರು.

"ಹಣ್ಣು, ಸಕ್ಕರೆ, ಜೇನಿನಲ್ಲಿ ಫ್ರಕ್ಟೋಸ್ ಅಂತ ಇರುತ್ತೆ. ಅದನ್ನ ಅರಗಿಸೋ ಕೆಲಸಕ್ಕೆ ಲಿವರಿನಲ್ಲಿ ಒಂದು ಕಿಣ್ವ ಬೇಕು. ಅದನ್ನ ತಯಾರಿಸೋ ಜೀನು ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತೆ. ಒಂದು ಸರಿಯಿದ್ರೂ ಸಾಕು, ಅದಕ್ಕೇ ನೀವಿಬ್ಬರೂ ಚೆನ್ನಾಗಿದೀರಿ. ಪುಟ್ಟಿಗೆ ಎರಡೂ ಕೆಟ್ಟಿದ್ದೇ ಬಂದಿರೋ ಹಾಗೆ ಕಾಣುತ್ತೆ. ಅಜ್ಜಿಗೂ ಹಾಗೇ. ಗ್ಲೂಕೋಸು ಬೇರೆ, ಅದು ಇವರಿಗೆ ಒಗ್ಗುತ್ತೆ. ಬೇರೆಯವರಿಗೆ ಶಕ್ತಿ ಕೊಡೋ ಹಣ್ಣು ಇವರಿಗೆ ವಿಷ. ಊಟ ಸರಿಯಾಗಿ ಆರಿಸಿ ಕೊಟ್ರೆ ಎಲ್ಲರ ಹಾಗೇ ಬೆಳೀತಾಳೆ."

"ಹಾಗಾದ್ರೆ ಇದು ಚಾಳಿ ಅಲ್ವಾ?" ಎಂದಳು ಪಾಕದಮ್ಮ.

"ಯಾರಮ್ಮಾ ಹಾಗಂದೋರು? ನಿಮ್ಮನ್ನ ಬದುಕಿಸಿದ್ದೇ ಅದು. ಬೇಡ ಅಂತ ಮುಖ ತಿರುಗಿಸಿದ್ದಕ್ಕೇ ಉಳ್ಕೊಂಡಿದೀರಿ." ಆಮೇಲೆ ಡಾಕ್ಟರಮ್ಮ ಕೇಳಿದರು. "ನಿಮ್ಮ ಒಡಹುಟ್ಟಿದೋರಲ್ಲಿ ಯಾರಾದ್ರೂ ಮಗುವಾಗಿದ್ದಾಗಲೇ ತೀರಿಕೊಂಡಿದ್ರಾ?"

ಪಾಕದಮ್ಮ ಮಗುವಿನ ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡಳು.

"ನನ್ನ ಬೆನ್ನಿಗೆ ಹುಟ್ಟಿದ ತಂಗಿ" ಎಂದಳು. "ಹಾಲು ಬಿಡಿಸಿದ ಮೇಲೆ ಉಳೀಲೇ ಇಲ್ಲ. ಹಳದಿ ತಿರುಗಿತ್ತು. ಅಮ್ಮ ತೊಡೆ ಮೇಲೆ ಹಾಕ್ಕೊಂಡು ಜೇನು ನೆಕ್ಕಿಸ್ತಾ ಕೂತಿರ್ತಿದ್ರು."

ಡಾಕ್ಟರಮ್ಮ ಎದ್ದುಹೋದರು. ಮಗ ಔಷಧಿ ತರುತ್ತೇನೆಂದು ಹೊರಗೆ ಹೋದ. ಮಂಚದ ಎರಡು ಕಡೆ ಅತ್ತೆ ಸೊಸೆ ಇಬ್ಬರೇ ಉಳಿದರು. ಅತ್ತೆ ಎಲ್ಲ ಒಪ್ಪಿಕೊಂಡ ದಿನದಿಂದ ಸೊಸೆ ಅವಳ ಜೊತೆ ಒಂದು ಮಾತೂ ಆಡಿರಲಿಲ್ಲ.

"ಅಜ್ಜಿಗೆ ಕೊನೆವರೆಗೂ ಗೊತ್ತಾಗಲೇ ಇಲ್ವಾ?" ಎಂದಳು ಸೊಸೆ. ಪಾಕದಮ್ಮನನ್ನೂ ಸೊಸೆಯ ಅಪ್ಪನನ್ನೂ ಹೆತ್ತ ಅಜ್ಜಿ ಅದು.

"ಇಲ್ಲ. ಪುಣ್ಯಕ್ಕೆ ಗೊತ್ತಾಗಲಿಲ್ಲ" ಎಂದಳು ಪಾಕದಮ್ಮ. "ಅಮ್ಮಂಗೆ ಗೊತ್ತಿರ್ಲಿಲ್ಲ ಕಣೇ. ನಂಗೆ ಗೊತ್ತಿತ್ತು. ನನ್ನ ಮೈಯೇ ಹೇಳ್ತಿತ್ತು. ನಾನು ಊರವರ ಮಾತು ಕೇಳಿದೆ, ಮೈ ಮಾತು ಕೇಳಲಿಲ್ಲ."

ಸೊಸೆ ಹೋಗಲಿ ಬಿಡಿ ಅನ್ನಲಿಲ್ಲ. ಅಷ್ಟು ಬೇಗ ಅನ್ನುವಂಥದ್ದೂ ಅಲ್ಲ ಅದು. ಕೂದಲು ಗಂಟು ಹಾಕಿಕೊಂಡು ಎದ್ದಳು, ನಿದ್ದೆ ಹೋಗಿದ್ದ ಪುಟ್ಟಿಯ ಹೊದಿಕೆ ಸರಿಮಾಡಿದಳು.

"ನಾನು ಮನೆಗೆ ಹೋಗಿ ಸ್ನಾನ ಮಾಡ್ಕೊಂಡು ಬರ್ತೀನಿ" ಎಂದಳು. ಬಾಗಿಲವರೆಗೆ ಹೋಗಿ ನಿಂತಳು. "ಎದ್ರೆ ಬರೀ ಗಂಜಿ ಕೊಡಿ ಅತ್ತೆ. ಅದಕ್ಕೂ ಮುಖ ತಿರುಗಿಸಿದ್ರೆ, ಬಲವಂತ ಮಾಡಬೇಡಿ."