ಸರ್ದಾರ್ ಮುಲ್ಲಾ ಕಾಯುವ ದಿಬ್ಬ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸ್ಟುಟ್‌ಗಾರ್ಟ್ ಊರಂಚಿನ ಬೇಸ್‌ಬಾಲ್ ಮೈದಾನದಲ್ಲಿ ಸರ್ದಾರ್ ಮುಲ್ಲಾ ಮಂಡಿಯೂರಿ ಕೂತಿದ್ದಾರೆ. ಒಂದು ಹಿಡಿ ಮಣ್ಣು ತೆಗೆದು ಮುಷ್ಟಿ ಕಟ್ಟಿ ಬಿಡುತ್ತಾರೆ. ಉಂಡೆ ಒಡೆಯುವುದಿಲ್ಲ. "ಹದ ಬಂದೈತ್ರಿ," ಎನ್ನುತ್ತಾರೆ, ರೊಟ್ಟಿ ಹಿಟ್ಟು ನಾದುವವರ ಧಾಟಿಯಲ್ಲಿ. ಆಮೇಲೆ ಮೈದಾನದ ನಡುವಿನ ಪುಟ್ಟ ದಿಬ್ಬವನ್ನು ಕುಟ್ಟಿ, ಸವರಿ, ಒಂದಿಷ್ಟು ನೀರು ಚಿಮುಕಿಸುತ್ತಾರೆ. ಪಿಚರ್ ಎಂಬ ಆಟಗಾರ ಚೆಂಡೆಸೆಯುವುದು ಈ ದಿಬ್ಬದ ಮೇಲಿಂದಲೇ.

ನೆಕ್ಕರ್ ಹೆರಾನ್ಸ್ ಎಂಬ ಈ ವೃತ್ತಿಪರ ತಂಡಕ್ಕೆ ಸರ್ದಾರ್ 'ಪ್ಲಾಟ್ಸ್‌ವಾರ್ಟ್'. ನಮ್ಮ ಮಾತಿನಲ್ಲಿ ಮೈದಾನ ನೋಡಿಕೊಳ್ಳುವವರು. ಹುಲ್ಲು ಕತ್ತರಿಸುವುದು, ಸುಣ್ಣದ ಗೆರೆ ಎಳೆಯುವುದು, ಮಳೆ ಬಂದರೆ ಟಾರ್ಪಾಲು ಹೊತ್ತು ಓಡುವುದು, ಎಲ್ಲ ಇವರದೇ. ಪತ್ರಿಕೆಗಳಲ್ಲಿ ಆಟಗಾರರ ಫೋಟೊ ಬರುತ್ತದೆ. ಇವರದ್ದು ಇವತ್ತಿನವರೆಗೆ ಬಂದಿಲ್ಲ. ಬೇಜಾರಿಲ್ಲವೇ ಎಂದರೆ, "ಫೋಟೊದಾಗ ನೆಲಾ ಬಂದಿರ್ತದಲ್ರೀ," ಎಂದು ನಗುತ್ತಾರೆ.

ಸರ್ದಾರ್ ಹುಬ್ಬಳ್ಳಿಯವರು. ಅಲ್ಲಿ ಕ್ರಿಕೆಟ್ ಪಿಚ್ ಮಾಡುತ್ತಿದ್ದರು. ಹೆಂಡತಿ ಶಾಹಿದಾ ಸಾಫ್ಟ್‌ವೇರ್ ಎಂಜಿನಿಯರ್. ಹೊರದೇಶದ ಕಂಪ್ಯೂಟರ್ ಪರಿಣತರಿಗೆಂದು ಜರ್ಮನಿಯ ಗ್ರೀನ್ ಕಾರ್ಡ್ ಶುರುವಾದ ಹೊಸತರಲ್ಲೇ ಅವರಿಗೆ ಇಲ್ಲಿ ಕೆಲಸ ಸಿಕ್ಕಿತು, ಗಂಡ ಹಿಂದೆ ಬಂದರು. ಬಂದ ಮೊದಲ ವರ್ಷ ಇವರಿಗೆ ದುಡಿಯಲು ಪರವಾನಗಿ ಇರಲಿಲ್ಲ. "ಚಾ ಮಾಡೋದು, ಕಿಟಕ್ಯಾಗ ನಿಂದ್ರೋದು. ಕೈಗೆ ಮಣ್ಣು ಹತ್ತದ ಹುಚ್ಚ ಹಿಡಿಯೂದೊಂದ ಬಾಕಿ," ಎಂದು ಆ ದಿನಗಳನ್ನು ನೆನೆಯುತ್ತಾರೆ. ಪರವಾನಗಿ ಬಂದದ್ದೇ ತಡ, ಮನೆ ಹತ್ತಿರದ ಈ ಮೈದಾನಕ್ಕೆ ಬಂದು ಕೆಲಸ ಕೇಳಿದರು.

ಶುರುವಿನಲ್ಲೇ ಎಡವಟ್ಟು. ಪಾಪ, ಅವರಿಗೆ ಗೊತ್ತಿದ್ದದ್ದು ಕ್ರಿಕೆಟ್. ಚೆಂಡು ಚೆನ್ನಾಗಿ ಪುಟಿಯಲಿ ಎಂದು ರೋಲರ್ ತರಿಸಿ, ಪಿಚರ್‌ನಿಂದ ಬ್ಯಾಟು ಹಿಡಿದವನವರೆಗೆ ಇಡೀ ನೆಲವನ್ನು ಕಲ್ಲು ಮಾಡಿಟ್ಟರು. ದಿಬ್ಬವನ್ನೂ ಬಿಡದೆ ಚಪ್ಪಟೆ ಮಾಡಿದರು. ಬೇಸ್‌ಬಾಲಿನಲ್ಲಿ ಎಸೆದ ಚೆಂಡು ನೆಲ ಮುಟ್ಟುವುದೇ ಇಲ್ಲ! ಪಿಚರ್ ಬಂದವನು ದಿಬ್ಬ ಕಾಣದೆ ತಲೆಯ ಮೇಲೆ ಕೈಯಿಟ್ಟುಕೊಂಡ. "ನಂಗ ಭೂಮಿ ಬಾಯ್ಬಿಡಬಾರದಾ ಅನಿಸ್ತು," ಎನ್ನುತ್ತಾರೆ ಸರ್ದಾರ್. ಆ ಸಂಜೆಯೇ ಬುಟ್ಟಿ ಹೊತ್ತು ಮತ್ತೆ ದಿಬ್ಬ ಕಟ್ಟಿದರು. ಮೂರು ವರ್ಷದಿಂದ ಅದನ್ನು ಮಗುವಿನಂತೆ ಸಾಕಿದ್ದಾರೆ.

ಈ ಬೇಸಿಗೆಯಲ್ಲಿ ಅದೇ ದಿಬ್ಬಕ್ಕೆ ಕುತ್ತು ಬಂತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಲ್ಲಿ ಬೀಡುಬಿಟ್ಟ ಅಮೆರಿಕದ ಸೈನಿಕರು ಊರ ಹುಡುಗರಿಗೆ ಆಟ ಕಲಿಸಿ ಕಟ್ಟಿದ ತಂಡ ಹೆರಾನ್ಸ್. ಅದರ ಇತಿಹಾಸದ ನೆನಪಿಗೆ ಕ್ಲಬ್ಬು ಒಂದು ಜಿಯೋಕ್ಯಾಶಿಂಗ್ ಸ್ಪರ್ಧೆ ಇಟ್ಟಿತು. ಉಪಗ್ರಹದ ಸಂಕೇತ ಹಿಡಿಯುವ ಪುಟ್ಟ ಯಂತ್ರವನ್ನು ಕೈಯಲ್ಲಿ ಹಿಡಿದು, ಬಚ್ಚಿಟ್ಟ ಡಬ್ಬಿ ಹುಡುಕುವ ಹೊಸ ಆಟ ಅದು. ಬೇಸ್‌ಬಾಲಿನ ಒಂಬತ್ತು ಜನ ಆಟಗಾರರ ಲೆಕ್ಕಕ್ಕೆ ಒಂಬತ್ತು ಡಬ್ಬಿ. ಮೊದಲ ನಾಯಕ ದುಡಿದ ಬೇಕರಿಯ ಹಿಂದೊಂದು, ಸೈನಿಕರ ಹಳೆಯ ಗೇಟಿನ ಬಳಿ ಇನ್ನೊಂದು, ಹೀಗೆ. ಕೊನೆಯದು ಮಾತ್ರ ತಂಡದ ಮೊದಲ ಚೆಂಡು ಎಸೆದ ಜಾಗದಲ್ಲೇ ಇರಬೇಕೆಂದು ಕ್ಲಬ್ಬಿನ ಅಧ್ಯಕ್ಷ ಕೋಲರ್ ಹಟ ಹಿಡಿದರು. ಅಂದರೆ, ದಿಬ್ಬದಲ್ಲಿ!

ಆ ಯಂತ್ರ ನಾಲ್ಕು ಮಾರು ಆಚೀಚೆ ತೋರಿಸುವುದು ಮಾಮೂಲು. ಬೆಟ್ಟ ಹತ್ತುವ ಬೂಟು ಮೆಟ್ಟಿದ ಜನ ದಿಬ್ಬದ ಮೇಲೆಲ್ಲ ತುಳಿದಾಡಿದರೆ ಗತಿಯೇನು? ಸ್ಪರ್ಧೆ ಭಾನುವಾರ ಬೆಳಿಗ್ಗೆ, ಅದೇ ಮಧ್ಯಾಹ್ನ ಲೀಗಿನ ಪಂದ್ಯ ಬೇರೆ. ದಿಬ್ಬ ಕೆಟ್ಟಿದ್ದರೆ ಅಂಪೈರ್ ಆಟವನ್ನೇ ನಿಲ್ಲಿಸುತ್ತಾರೆ. ಸರ್ದಾರ್ ಬೇಡವೆಂದರು. ಮಣ್ಣು ತಾನೆ, ಆಮೇಲೆ ಸವರಿದರಾಯಿತು ಎಂದುಬಿಟ್ಟರು ಕೋಲರ್. ಆ ಮಾತು ಚುಚ್ಚಿತು. ಭಾನುವಾರ ಕೆಲಸಕ್ಕೇ ಹೋಗುವುದಿಲ್ಲವೆಂದು ಸರ್ದಾರ್ ಮನೆಯಲ್ಲಿ ಮುಖ ಊದಿಸಿಕೊಂಡು ಕೂತರು.

ಶಾಹಿದಾ ಬಿಡಲಿಲ್ಲ. "ನೋಡ್ರಿ, ಕ್ಲಬ್ ಅವರದ ಇರಬಹುದು. ಆದ್ರ ದಿಬ್ಬ ನೀವು ಕಟ್ಟೀರಿ. ಸಿಟ್ಟು ಮಾಡ್ಕೊಂಡು ಮನ್ಯಾಗ ಕುಂತ್ರ ಅದನ್ನ ಕಾಯೋರ್ಯಾರು? ಹೋಗಿ ಡೈರೆಕ್ಟಾಗಿ ಹೇಳ್ರಿ," ಎಂದರಂತೆ.

ಭಾನುವಾರ ನಾನೂ ಅಲ್ಲಿದ್ದೆ. ಎಂಟು ಡಬ್ಬಿ ಮುಗಿಸಿದ ಜನ ಕೈಯಲ್ಲಿ ಯಂತ್ರ ಹಿಡಿದು ಹೋ ಎಂದು ಮೈದಾನಕ್ಕೆ ನುಗ್ಗಿದರು. ಸುಣ್ಣದ ಗೆರೆಯ ಮೇಲೆ ಸರ್ದಾರ್ ನಿಂತಿದ್ದರು. ಮಾತಾಡುವ ಮೊದಲು ಬಗ್ಗಿ ತಮ್ಮ ಬೂಟು ಬಿಚ್ಚಿ ಗೆರೆಯಾಚೆ ಇಟ್ಟರು. ಕಾಲುಚೀಲವನ್ನೂ ತೆಗೆದರು. ಆಮೇಲೆ ಎರಡೂ ಕೈ ಅಡ್ಡ ಚಾಚಿ, "ಬಿಟ್ಟೆ, ಶೂಹೆ ಔಸ್!" ಎಂದರು. ದಯವಿಟ್ಟು ಬೂಟು ಬಿಚ್ಚಿ ಎಂದು.

ಜನ ತಬ್ಬಿಬ್ಬು. ಯಾರೋ ಕಿಸಕ್ಕೆಂದರು. ಕೋಲರ್ ದುಡುದುಡು ಬಂದರು, ಮುಖ ಕೆಂಪು. ಸರ್ದಾರ್ ಅಲ್ಲಾಡಲಿಲ್ಲ. "ಊರಾಗ ಪಿಚ್ ಮ್ಯಾಲೆ ನಾವ್ಯಾರೂ ಚಪ್ಲಿ ಹಾಕ್ಕೊಂಡು ಹೋಗಂಗಿಲ್ಲ. ಹಿಂಗ್ ಬಂದ್ರ ಬರ್ರಿ, ಇಲ್ಲಂದ್ರ ಡಬ್ಬಿ ಇಲ್ಲೇ ಇರ್ಲಿ," ಎಂದು ಕನ್ನಡದಲ್ಲೇ ಗುಡುಗಿದರು. ಕನ್ನಡ ತಿಳಿಯದಿದ್ದರೇನು, ಅರ್ಥವಂತೂ ಎಲ್ಲರಿಗೂ ಆಯಿತು.

ಆಗ ಹಿಂದಿನಿಂದ ಮುದುಕರೊಬ್ಬರು ಮುಂದೆ ಬಂದರು. ಹಳೆಯ ಪಿಚರ್, ಇದೇ ದಿಬ್ಬದ ಮೇಲೆ ಹರೆಯ ಕಳೆದವರು. ಬೆಂಚಿನ ಮೇಲೆ ಕೂತು ಲೇಸು ಬಿಚ್ಚತೊಡಗಿದರು. ನೋಡನೋಡುತ್ತಾ ಗೆರೆಯುದ್ದಕ್ಕೂ ಬೂಟುಗಳು ಸಾಲುಗಟ್ಟಿದವು, ಥೇಟ್ ಮಸೀದಿಯ ಬಾಗಿಲಿನಂತೆ. ನಾನೂ ಬಿಚ್ಚಿದೆ. ಕಟ್ಟಕಡೆಗೆ ಕೋಲರ್ ಕೂಡ, ಗೊಣಗುತ್ತಲೇ. ಬರಿಗಾಲಾದದ್ದೇ ಎಲ್ಲರ ನಡಿಗೆಯೂ ಮೆತ್ತಗಾಯಿತು. ದಿಬ್ಬದಂಚಿನ ಹುಲ್ಲಿನಲ್ಲಿ ಡಬ್ಬಿ ಸಿಕ್ಕಿತು, ಚಪ್ಪಾಳೆ ಬಿತ್ತು. ದಿಬ್ಬದ ಮೇಲೆ ಉಳಿದದ್ದು ಬರೀ ಹೆಜ್ಜೆಗುರುತು, ಸರ್ದಾರ್ ಅದನ್ನು ಪಂದ್ಯಕ್ಕೆ ಮುಂಚೆಯೇ ಸವರಿ ಮುಗಿಸಿದರು.

ಮಧ್ಯಾಹ್ನ ಅಂಪೈರ್ ಬಂದರು. ದಿಬ್ಬ ಹತ್ತಿದರು, ಕಾಲಿನಿಂದ ಒತ್ತಿ ನೋಡಿದರು, ಇಳಿದು ಆಟ ಶುರು ಮಾಡಿಸಿದರು. ಸರ್ದಾರ್ ಕಣ್ಣು ತುಂಬಿಕೊಂಡು ನನ್ನ ಮೊಣಕೈ ತಿವಿದರು.

"ನೋಡಿದ್ರಿಲ್ಲೋ? ಒಂದ ಮಾತೂ ಆಡಲಿಲ್ಲ. ನೆಲಾ ಕೆಟ್ಟಿದ್ರ ಬೈತಾರ. ಏನೂ ಅನಲಿಲ್ಲ ಅಂದ್ರ, ನಮ್ಮ ಕಸುಬಿನಾಗ ಅದ ಶಾಬಾಸ್‌ರೀ!"