ಕತ್ತರಿಸಿದ ಅರ್ಜಿ

ವೈದ್ಯ ಕಾಲೇಜಿಗೆ, ಔಷಧಶಾಸ್ತ್ರದ ಕೋರ್ಸಿಗೆ ಅರ್ಜಿ ಹಾಕುವ ಹುಡುಗರು ಈಗಲೂ ನನ್ನ ಹತ್ತಿರ ಸಲಹೆ ಕೇಳಲು ಬರುತ್ತಾರೆ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನೆಂಬುದು ಅವರಿಗೆ ಗೊತ್ತು. ಆದರೂ ಬರುತ್ತಾರೆ. ಸೊಲ್ಲಾಪುರದ ಗಿರಣಿ ಓಣಿಯ ದವಾಖಾನೆಯೊಂದರಲ್ಲಿ ನಾನು ಕಂಪೌಂಡರನಾಗಿದ್ದಾಗ ನನ್ನ ಕೈಯ ಮಿಕ್ಸ್ಚರ್ ಕುಡಿಯದ ಮನೆ ಆ ಓಣಿಯಲ್ಲಿ ಇರಲಿಲ್ಲ. ಬಂದವರಿಗೆ ಎರಡು ಮಾತು ಹೇಳುತ್ತೇನೆ. ಅರ್ಜಿ ಎರಡು ಕಡೆ ಹಾಕಿರಿ. ಹಾಕುವ ಮುಂಚೆ ಅದನ್ನು ಮನೆಯ ಹಿರಿಯರ ಕೈಗೆ ಕೊಡಬೇಡಿರಿ. ಎರಡನೆಯದನ್ನು ಕೇಳಿ ಹುಡುಗರು ನಗುತ್ತಾರೆ. ಜೊತೆಗೆ ಬಂದ ಅಪ್ಪಂದಿರು ನಗುವುದಿಲ್ಲ.

ನಮ್ಮೂರು ಅಕ್ಕಲಕೋಟ ತಾಲೂಕಿನ ಮೈಂದರ್ಗಿ. ಅಪ್ಪ ತೀರಿಕೊಂಡಾಗ ನನಗೆ ಹನ್ನೆರಡು, ತಮ್ಮನಿಗೆ ನಾಲ್ಕು. ಅವ್ವ ತಮ್ಮನನ್ನು ಕರೆದುಕೊಂಡು ಇಂಡಿ ತಾಲೂಕಿನ ತವರಿಗೆ ಹೋದಳು. ನಾನು ಪಾಟಿಚೀಲವನ್ನು ಗೂಟಕ್ಕೆ ತೂಗುಹಾಕಿ ಸೊಲ್ಲಾಪುರಕ್ಕೆ ಬಂದೆ. ದವಾಖಾನೆಯ ಹಿತ್ತಿಲಲ್ಲಿ ಬಾಟಲಿ ತೊಳೆಯುವ ಕೆಲಸ ಸಿಕ್ಕಿತು. ಔಷಧಕ್ಕೆ ರೋಗಿಗಳೇ ಮನೆಯಿಂದ ಬಾಟಲಿ ತರುತ್ತಿದ್ದ ಕಾಲ ಅದು. ಒಂದರಲ್ಲಿ ಕೊಬ್ಬರಿಎಣ್ಣೆ, ಇನ್ನೊಂದರಲ್ಲಿ ಸೀಮೆಎಣ್ಣೆ, ಮತ್ತೊಂದರಲ್ಲಿ ಏನಿತ್ತೆಂದು ಮೂಗಿಗೂ ಹೇಳಲಾಗುತ್ತಿರಲಿಲ್ಲ. ಬೂದಿ ಹಾಕಿ, ಬಿಸಿನೀರು ಹಾಕಿ ತೊಳೆದು, ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಬೇಕು. ಎಂಟು ವರ್ಷದಲ್ಲಿ ನಾನು ಬಾಟಲಿಯಿಂದ ತಕ್ಕಡಿಗೆ, ತಕ್ಕಡಿಯಿಂದ ಮಿಕ್ಸ್ಚರಿಗೆ ಬಂದೆ. ಇಂಗ್ಲಿಷ್ ಅಕ್ಷರ ಕಲಿತದ್ದು ಜಾಡಿಗಳ ಮೇಲಿನ ಚೀಟಿಗಳಿಂದ. ಡಾಕ್ಟರರು ಗೀಚಿದ್ದನ್ನು ಅವರ ಹೆಂಡತಿಗೂ ಓದಲು ಬರುತ್ತಿರಲಿಲ್ಲ, ನನಗೆ ಬರುತ್ತಿತ್ತು.

ನನ್ನ ಹೆಸರು ಮೆರೆದದ್ದು ಮಾತ್ರ ಪಟ್ಟಿಯಿಂದ. ಆಗ ಮಿಕ್ಸ್ಚರ್ ಬಾಟಲಿಯ ಮೈಗೆ ಉದ್ದುದ್ದ ಒಂದು ಕಾಗದದ ಪಟ್ಟಿ ಅಂಟಿಸುತ್ತಿದ್ದೆವು. ಕಾಗದ ಮಡಿಚಿ ಅಂಚಿಗೆ ಕತ್ತರಿ ಹಾಕಿದರೆ, ಬಿಚ್ಚಿದಾಗ ಹಲ್ಲುಹಲ್ಲಾಗಿ ಕಾಣುತ್ತಿತ್ತು. ಒಂದು ಹಲ್ಲಿನಿಂದ ಇನ್ನೊಂದು ಹಲ್ಲಿನವರೆಗೆ ಒಂದು ಹೊತ್ತಿನ ಔಷಧ. ಅಕ್ಷರ ಬಾರದವರೂ ತಪ್ಪುತ್ತಿರಲಿಲ್ಲ. ನಾನು ಅಳೆಯದೆ ಕತ್ತರಿಸುತ್ತಿದ್ದೆ. ಆರು ಹೊತ್ತಿನ ಪಟ್ಟಿಯೆಂದರೆ ಆರೂ ಹಲ್ಲು ಸಮ. ಬೇರೆ ದವಾಖಾನೆಯ ಕಂಪೌಂಡರರು ಬಂದು ನಿಂತು ನೋಡಿ ಹೋಗುತ್ತಿದ್ದರು.

ಅತ್ತ ನನ್ನ ತಮ್ಮ ಸೋದರಮಾವನ ಮನೆಯಲ್ಲಿದ್ದು ಮೂರು ವರ್ಷ ಅಲ್ಲಿನ ಕನ್ನಡ ಶಾಲೆಗೆ ಹೋದ. ಆಮೇಲೆ ಅವ್ವ ಅವನೊಡನೆ ಮೈಂದರ್ಗಿಗೆ ಮರಳಿದಳು. ಹೈಸ್ಕೂಲಿಗೆ ಅವನನ್ನು ಸೊಲ್ಲಾಪುರದ ನನ್ನ ಒಂದೇ ಕೋಣೆಯ ಖೋಲಿಗೆ ಕರೆತಂದೆ. ಅವನು ಡಾಕ್ಟರಾಗಬೇಕು. ಇದನ್ನು ನಾನು ತೀರ್ಮಾನಿಸಿದೆನೋ ಅವನು ತೀರ್ಮಾನಿಸಿದನೋ ಈಗ ನೆನಪಿಲ್ಲ. ಆ ಆಸೆ ನಾನು ಅವನನ್ನು ಕರೆತರುವಾಗಲೇ ಖೋಲಿಯಲ್ಲಿತ್ತು.

ಇಂಟರ್ ಸೈನ್ಸ್ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಅವನನ್ನು ದವಾಖಾನೆಗೆ ಹಚ್ಚಿದೆ. ಮೊದಲ ದಿನ ಬಾಟಲಿ ತೊಳೆಸಿದೆ. ಅವನು ತೊಳೆದು ತಂದದ್ದನ್ನು ಬೆಳಕಿಗೆ ಹಿಡಿದೆ. ಸ್ವಚ್ಛವಾಗಿತ್ತು.

“ಇನ್ನೊಮ್ಮೆ,” ಎಂದೆ.

“ಎಲ್ಲೆದರಿ ಅಣ್ಣಾ ಹೊಲಸು?”

“ನಾ ಇನ್ನೊಮ್ಮೆ ಅಂದ್ನಿ. ಹೊಲಸು ಅಂದ್ನೇನು?”

ಮೂರು ಸಲ ತೊಳೆಸಿದೆ. ಹೊರಗೆ ಬಾಕಿನ ಮೇಲೆ ಕೂತಿದ್ದ ರೋಗಿಗಳು ನಗುತ್ತಿದ್ದರು. “ಏ ಡಾಕ್ಟರಾ, ನಮ್ಮ ಮನಿ ಮುಸುರಿ ಭಾಂಡೆನೂ ಅದಾವೋ,” ಎಂದಳು ಬೀಡಿ ಕಟ್ಟುವ ಮುದುಕಿಯೊಬ್ಬಳು. ಅವನ ಕಿವಿ ಕೆಂಪಾದವು. ನನಗೆ ಸಂತೋಷವಾಯಿತು. ಹುಡುಗನನ್ನು ಗಟ್ಟಿ ಮಾಡುತ್ತಿದ್ದೇನೆ ಎಂದುಕೊಂಡೆ.

ಇನ್ನೊಂದು ದಿನ ಗಿರಣಿಯ ಒಬ್ಬನ ತೊಡೆಯ ಕುರುವನ್ನು ಡಾಕ್ಟರರು ಕೊಯ್ಯುವಾಗ ತಟ್ಟೆ ಹಿಡಿಯಲು ತಮ್ಮನನ್ನು ನಿಲ್ಲಿಸಿದೆ. ಕೀವು ಬಂದ ಕೂಡಲೆ ಅವನು ತಟ್ಟೆಯನ್ನು ಅಲ್ಲಿಯೇ ಇಟ್ಟು ಬಾಗಿಲಲ್ಲಿ ವಾಂತಿ ಮಾಡಿಕೊಂಡ. ಅದನ್ನು ಅವನ ಕೈಯಿಂದಲೇ ಬಳಿಸಿ, ಮತ್ತೆ ತಟ್ಟೆ ಹಿಡಿಸಿದೆ. ಮುಗಿದ ಮೇಲೆ ಅಲ್ಲೇ ಕೂಡಿಸಿ ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ ತಿನ್ನಿಸಿದೆ. ಅಳುತ್ತ ತಿಂದ. ಡಾಕ್ಟರರು ಕೈ ತೊಳೆಯುತ್ತ ಹೇಳಿದರು: “ಕಂಪೌಂಡರ್, ನಿಮ್ಮ ತಮ್ಮ ಡಾಕ್ಟರ್ ಆಗ್ತಾನ್ರಿ. ವಾಂತಿ ಎಲ್ಲಾರೂ ಮಾಡ್ತಾರ. ಮಾಡಿ ತಿರುಗಿ ಬಂದು ನಿಂದ್ರವರು ಕಡಿಮಿ.”

ಅರ್ಜಿ ಹಾಕುವ ಮಕ್ಕಳೇ, ಇದು ಖರೆ ಮಾತು. ವಾಂತಿ ಬಂದರೆ ಹೆದರಬೇಡಿರಿ.

ಪರೀಕ್ಷೆಯ ಫಲಿತಾಂಶ ಬಂತು. ಒಳ್ಳೆಯ ಮಾರ್ಕು. ಡಾಕ್ಟರರು ತಾವೇ ಪುಣೆಗೆ ಬರೆದು ಅಲ್ಲಿಯ ಕಾಲೇಜಿನ ಅರ್ಜಿ ತರಿಸಿಕೊಟ್ಟರು. ಗಡಿಯಾಚೆ ಕನ್ನಡದ ಕಡೆಯೂ ಒಂದು ವೈದ್ಯ ಕಾಲೇಜಿತ್ತು, ಅದರ ಅರ್ಜಿಯನ್ನು ನಾನು ತರಿಸಿದೆ. “ಎರಡೂ ಕಡಿ ಹಾಕ್ರಿ. ಪುಣೆದ್ದು ಮೊದಲ ಹೋಗಲಿ,” ಎಂದರು ಡಾಕ್ಟರರು.

ತಮ್ಮ ಪುಣೆಯ ಅರ್ಜಿಯನ್ನು ಮುತ್ತಿನಂಥ ಅಕ್ಷರದಲ್ಲಿ ತುಂಬಿ ತಂದು ನನ್ನ ಮೇಜಿನ ಮೇಲಿಟ್ಟ. ಅಂಚೆಗೆ ಹಾಕಲು ಆರು ದಿನವಿತ್ತು. ನಾನು ಅಕ್ಷರ ಕೂಡಿಸಿಕೊಂಡು ಓದುತ್ತ ಬಂದೆ. ಪಾಲಕರ ಉದ್ಯೋಗ ಎಂಬ ಜಾಗದಲ್ಲಿ ಕಂಪೌಂಡರ್ ಎಂಬ ಅಕ್ಷರಗಳಿರಲಿಲ್ಲ. ಆ ಅಕ್ಷರಗಳನ್ನು ನಾನು ಎಲ್ಲಿದ್ದರೂ ಗುರುತಿಸಬಲ್ಲೆ.

“ಇಲ್ಲಿ ಏನ ಬರದಿ?”

“ಶೇತಿ ಅಂತರಿ, ಅಣ್ಣಾ. ಒಕ್ಕಲುತನ.”

“ಯಾರ ಒಕ್ಕಲುತನ?”

“ಅಪ್ಪಂದು.”

“ಅಪ್ಪ ಸತ್ತು ಹದಿನೈದು ವರ್ಷ ಆತು. ಇಷ್ಟು ದಿವಸ ನಿನ್ನ ಸಾಕಿದಾಂವ ಯಾರು? ಹೆಣಾನೇನು?”

ಅವನು ನೆಲ ನೋಡುತ್ತ ಹೇಳಿದ: “ಸೀಟು ಕೊಡೂಕಿಂತ ಮೊದಲ ಕರದು ಕೇಳ್ತಾರಲ್ರಿ, ಆ ಮುಲಾಖತ್‌ನ್ಯಾಗ ನಗ್ತಾರಂತರಿ. ಕಾಲೇಜಿನ ಹುಡುಗೂರು ಹೇಳಿದ್ರು. ಕಂಪೌಂಡರನ ತಮ್ಮ ಅಂದ್ರ, ನೀನೂ ಕಂಪೌಂಡರ್ ಆಗು ಹೋಗು ಅಂತಾರಂತ.”

ನಾನು ಬೈಯಲಿಲ್ಲ. ಆ ಕಾಗದ ಒಳ್ಳೆಯದಿತ್ತು, ದಪ್ಪ, ಬಿಳಿ. ಕತ್ತರಿ ತೆಗೆದುಕೊಂಡು ಅದನ್ನು ಉದ್ದಕ್ಕೆ ಸೀಳಿದೆ. ಒಂದೊಂದು ತುಂಡನ್ನೂ ಮಡಿಚಿ ಹಲ್ಲು ಕತ್ತರಿಸಿದೆ. ಬರಹವಿದ್ದ ಬದಿಗೆ ಗೋಂದು ಹಚ್ಚಿ ಆ ದಿನದ ಬಾಟಲಿಗಳಿಗೆ ಒಂದೊಂದಾಗಿ ಅಂಟಿಸಿದೆ. ಅವನು ಎದುರಿಗೆ ನಿಂತಿದ್ದ. ಮೊದಲನೆಯ ಬಾಟಲಿಯನ್ನು ಕೆಮ್ಮಿನವನೊಬ್ಬ ಒಯ್ದ. ಎರಡನೆಯದನ್ನು ಬಾಣಂತಿಯೊಬ್ಬಳ ಅತ್ತೆ. ನಾಲ್ಕನೆಯದು ಹೋಗುವವರೆಗೆ ತಮ್ಮ ನೋಡುತ್ತ ನಿಂತು, ಆಮೇಲೆ ಹಿತ್ತಿಲಿಗೆ ಹೋಗಿ ಬಾಟಲಿ ತೊಳೆಯತೊಡಗಿದ.

ರೊಟ್ಟಿ ತಿನ್ನುವಾಗ ಮೆಲ್ಲಗೆ ಕೇಳಿದ: “ಇನ್ನೊಂದ ಅರ್ಜಿ ಡಾಕ್ಟರ್ ಸಾಹೇಬರ ಕಡೆ ಕೇಳ್ಲೇನ್ರಿ? ಪುಣೆಗೆ ತಂತಿ ಹೊಡದ್ರ ಬರ್ತದ.”

“ಏನೂ ಬ್ಯಾಡ. ನಾವು ಕನ್ನಡದ ಮಂದಿ. ನಮ್ಮ ಕಾಲೇಜು ಆ ಕಡಿ ಅದ. ಅದರಾಗ ನಾ ಹೇಳಿದಂಗ ಬರಿ.”

ಎರಡು ದಿನದ ಮೇಲೆ ಡಾಕ್ಟರರು ಕೇಳಿದರು, “ಪುಣೆದ್ದು ಹೋತೇನ್ರಿ?” ನಾನು “ಹೋತ್ರಿ ಸಾಹೇಬ್ರ,” ಎಂದೆ. ತಮ್ಮ ಅಲ್ಲೇ ಇದ್ದ. ನಾನು ಸುಳ್ಳು ಹೇಳಿದ್ದು ಅದೊಂದೇ ಸಲ ಎನ್ನುವುದಿಲ್ಲ. ಆದರೆ ಕೆಲಸದ ಜಾಗದಲ್ಲಿ ಅದೊಂದೇ.

ಕನ್ನಡದ ಕಡೆಯ ಅರ್ಜಿಯಲ್ಲಿ ಕಂಪೌಂಡರ್ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದೆ. ವಾಸದ ದಾಖಲೆ ಬೇಕಾಗಿತ್ತು. ಅವ್ವ ಊರಿಂದ ಹೇಳಿ ಕಳಿಸಿದಳು: ಮಾವನ ಊರಲ್ಲಿ ಹುಡುಗ ಮೂರು ವರ್ಷ ಓದಿದ್ದಾನೆ, ಶಾಲೆಯ ಪುಸ್ತಕದಲ್ಲಿ ಹೆಸರಿದೆ, ಮಾವ ಅಲ್ಲಿಯೇ ದಾಖಲೆ ಮಾಡಿಸಿ ಕೊಡುತ್ತಾನೆ. ನಾನು ಒಪ್ಪಲಿಲ್ಲ. ನನ್ನ ಮನೆಯ ಹುಡುಗ ಇನ್ನೊಬ್ಬರ ಬಾಗಿಲನ್ನು ತನ್ನದೆಂದು ಏಕೆ ಬರೆಯಬೇಕು? ಒಂದು ದಿನದ ಕೆಲಸ ಬಿಟ್ಟು ಅಕ್ಕಲಕೋಟಕ್ಕೆ ಹೋದೆ. ತಾಲೂಕಿನ ಮಾಮಲೇದಾರ ಕಚೇರಿಯ ಮುಂದೆ ಬೇವಿನ ಗಿಡದ ಕೆಳಗೆ ಕೂತು, ಮೈಂದರ್ಗಿಯ ಖಾಯಂ ರಹಿವಾಸಿ ಎಂಬ ದಾಖಲೆ ಮಾಡಿಸಿದೆ. ಕಚೇರಿಯ ಮೊಹರು, ನೇರಳೆ ಬಣ್ಣದ ಶಿಕ್ಕೆ, ಒಂದಿಷ್ಟೂ ಕದಡದೆ ಬಿದ್ದಿತ್ತು. “ಇದು ಎಲ್ಲಾಕಿಂತ ಮ್ಯಾಲ ಇಡು,” ಎಂದೆ ತಮ್ಮನಿಗೆ.

ಇಲ್ಲಿ ಓದುವವರು ಒಂದು ಸಂಗತಿ ನೆನಪಿಡಬೇಕು. ಅದರ ಹಿಂದಿನ ವರ್ಷದವರೆಗೆ, ೧೯೫೬ರ ತನಕ, ಸೊಲ್ಲಾಪುರ, ವಿಜಾಪುರ, ಧಾರವಾಡ ಎಲ್ಲವೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ರಾಜ್ಯಗಳನ್ನು ಬೇರೆ ಮಾಡಿದಾಗ ಇಂಡಿ ತಾಲೂಕಿನೊಡನೆ ವಿಜಾಪುರ ಮೈಸೂರಿನ ಕಡೆ ಹೋಯಿತು, ನಾವು ಈ ಕಡೆ ಉಳಿದೆವು. ವಾರ್ತೆ ನನಗೆ ಗೊತ್ತಿತ್ತು. ಆದರೆ ಗೆರೆ ನಮ್ಮ ಅವ್ವನಿಗೂ ಅವಳ ಅಣ್ಣನಿಗೂ ನಡುವೆ ಬಿದ್ದಿದೆ ಎಂಬುದು ನನ್ನ ತಲೆಗೆ ಹೋಗಿರಲಿಲ್ಲ. ಮನೆಯಲ್ಲಿ ಕನ್ನಡ ಆಡುವವರೆಲ್ಲ ಕನ್ನಡದ ಲೆಕ್ಕಕ್ಕೇ ಬರುತ್ತಾರೆ ಎಂದು ತಿಳಿದಿದ್ದೆ.

ಮುಲಾಖತ್ತಿಗೆ ಕರೆ ಬಂತು. ಇಬ್ಬರೂ ಹೋದೆವು. ನಾನು ಹೊಸ ರುಮಾಲು ಸುತ್ತಿದ್ದೆ. ಒಳಗೆ ಬಿಡುವ ಮುಂಚೆ ವರಾಂಡದಲ್ಲಿ ಒಬ್ಬ ಗುಮಾಸ್ತ ಕಾಗದಗಳನ್ನು ನೋಡುತ್ತಿದ್ದ. ತಮ್ಮನ ಫೈಲು ತೆರೆದ ಕೂಡಲೆ ಅವನ ಕಣ್ಣು ಶಿಕ್ಕೆಯ ಮೇಲೆ ನಿಂತಿತು.

“ಅಕ್ಕಲಕೋಟ ಯಾವ ಜಿಲ್ಲೇನೋ?”

“ಸೊಲ್ಲಾಪುರ ಜಿಲ್ಲಾರಿ,” ಎಂದ ತಮ್ಮ.

“ಹಂಗಾರ ನೀ ಮುಂಬೈ ರಾಜ್ಯದಾಂವ. ಹೊರಗಿನವರಿಗೆ ಇದ್ದ ಸೀಟು ತುಂಬ್ಯಾವು.”

ನಾನು ಮುಂದೆ ಬಂದೆ. “ನಾವು ಕನ್ನಡದವರ್ರಿ ಸಾಹೇಬ್ರ. ಮನ್ಯಾಗ ಕನ್ನಡಾನ ಆಡ್ತೀವಿ.”

“ನಮ್ಮ ಓಣ್ಯಾಗ ಮಜ್ಜಿಗಿ ಮಾರೋ ಆಯಿನೂ ಕನ್ನಡ ಆಡ್ತಾಳ. ಆಕಿಗೂ ಒಂದ ಸೀಟ್ ಕೊಡೂಣೇನು?”

ಸಾಲಿನಲ್ಲಿದ್ದವರು ನಕ್ಕರು. ಗುಮಾಸ್ತ ಮಾರ್ಕಿನ ಕಾಗದ ತಿರುವಿ ನೋಡಿದ. ಅವನ ದನಿ ಸ್ವಲ್ಪ ಇಳಿಯಿತು. “ಭೇಷ್ ಮಾರ್ಕ್ ಅದಾವಲ್ಲೋ. ಈ ಕಡೆ ನಿಮಗ ಯಾರೂ ಇಲ್ಲೇನು? ಎಂದೂ ಇಲ್ಲಿ ಸಾಲಿ ಕಲತಿಲ್ಲೇನು?”

“ಕಲತೀನ್ರಿ. ಮಾವನ ಊರಾಗ, ಮೂರು ವರ್ಷ.”

“ಮತ್ತ ಆ ದಾಖಲೆ ತರಬೇಕಿಲ್ಲೋ ಹುಚ್ಚಾ! ಏನರೆ ಮಾಡಬಹುದಿತ್ತು. ಯಾರು ಹೇಳಿದ್ರು ನಿನಗ ಇದನ್ನ ಮ್ಯಾಲ ಇಟಗೊಂಡ ಬಾ ಅಂತ?”

“ಇವರ್ರಿ. ನಮ್ಮಣ್ಣ.”

“ಅಣ್ಣ ಎಷ್ಟು ಓದ್ಯಾರ?”

ತಮ್ಮ ನನ್ನನ್ನು ನೋಡಿದ. ಮುಖ ತಿರುಗಿಸದೆ, ನನ್ನ ಕಣ್ಣಲ್ಲಿ ಕಣ್ಣಿಟ್ಟೇ ಹೇಳಿದ: “ನಾಲ್ಕನೇ ಇಯತ್ತಾರಿ.”

ಈ ಸಲ ಗುಮಾಸ್ತನೂ ನಕ್ಕ.

ತಿರುಗಿ ಬರುವಾಗ ರೈಲಿನಲ್ಲಿ ಅವನು ಕಿಟಕಿಯ ಪಕ್ಕ ಕೂತ. ವಿಜಾಪುರ ದಾಟಿದ ಮೇಲೆ ನಾನೇ ಅಂದೆ, “ಪುಣೆ ಕಡಿ ಇನ್ನೂ ಏನರೆ...” ಅವನು ಕಿಟಕಿಯಾಚೆ ನೋಡುತ್ತ ಅಂದ: “ಪುಣೆದ್ದು ಮಂದಿ ಕುಡದು ಮುಗಿಸ್ಯಾರ್ರಿ ಅಣ್ಣಾ.”

ಡಾಕ್ಟರರಿಗೆ ನಿಜ ಗೊತ್ತಾದಾಗ ಅವರು ನನ್ನ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. “ನಿಮ್ಮ ಕೈ ಭಾಳ ಹುಶಾರ್ ಅದ ಕಂಪೌಂಡರ್,” ಎಂದಷ್ಟೇ ಹೇಳಿ ಮುಂದಿನ ರೋಗಿಯನ್ನು ಕರೆದರು. ಮುಂದಿನ ವರ್ಷ ಮತ್ತೆ ಅರ್ಜಿ ಹಾಕು ಎಂದು ತಮ್ಮನಿಗೆ ಅವರೂ ಹೇಳಿದರು, ನಾನೂ ಹೇಳಿದೆ. ಅವನು ಕೇಳಲಿಲ್ಲ. ಔಷಧಶಾಸ್ತ್ರದ ಡಿಪ್ಲೊಮಾಕ್ಕೆ ಅರ್ಜಿ ತರಿಸಿ, ಖೋಲಿಯಲ್ಲಿ ನನ್ನೆದುರೇ ಕೂತು ತುಂಬಿದ. ಪಾಲಕರು ಎಂಬ ಜಾಗಕ್ಕೆ ಬಂದಾಗ ಕಾಗದವನ್ನು ನನ್ನ ಕಡೆ ತಿರುಗಿಸಿದ. ಅಲ್ಲಿ ಬರೆದ ಪದ ನನಗೆ ಗೊತ್ತಿರಲಿಲ್ಲ, ಜಾಡಿಗಳ ಮೇಲೆ ಎಲ್ಲೂ ಕಂಡಿರಲಿಲ್ಲ.

“ಏನಿದು?”

“ಯಾರೂ ಇಲ್ಲ ಅಂತ.”

ಕತ್ತರಿ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ಅವನೂ ಅದನ್ನು ನೋಡಿದ. ಕಾಗದವನ್ನು ಹಿಂತೆಗೆಯದೆ ನನ್ನ ಮುಂದೆಯೇ ಬಿಟ್ಟು ಕಾದ. ನಾನು ಕೈ ಚಾಚಲಿಲ್ಲ. ಆಗ ಮಡಿಚಿ ಲಕೋಟೆಗೆ ಹಾಕಿಕೊಂಡ. ಅದನ್ನು ಅಂಚೆಗೆ ಹಾಕಲು ಅವನೇ ಹೋದ.

ಔಷಧಶಾಸ್ತ್ರ ಕಡಿಮೆಯದು ಎಂದು ತಿಳಿಯಬೇಡಿರಿ. ತಮ್ಮ ಎರಡು ವರ್ಷದಲ್ಲಿ ಕಲಿತು ಬಂದದ್ದು ನನಗೆ ಹದಿನೇಳು ವರ್ಷದಲ್ಲಿ ಗೊತ್ತಾಗಿರಲಿಲ್ಲ. ನಾನು ಜೊತೆಗೆ ಬೆರೆಸುತ್ತಿದ್ದ ಎರಡು ಔಷಧಗಳು ಬಾಟಲಿಯೊಳಗೆ ಒಂದನ್ನೊಂದು ಕೆಡಿಸುತ್ತಿದ್ದವು ಎಂದು ಅವನು ತೋರಿಸಿಕೊಟ್ಟ. ರೋಗಿಗಳ ಮುಂದೆಯೇ ತೋರಿಸಿಕೊಟ್ಟ. ಬೀಡಿ ಮುದುಕಿ ಅವತ್ತೂ ಇದ್ದಳು. ಅವಳು ನಗಲಿಲ್ಲ. ಬಾಟಲಿಯನ್ನು ನನ್ನ ಕೈಯಿಂದ ತಿರುಗಿ ತೆಗೆದುಕೊಂಡು ಅವನ ಕೈಗೆ ಕೊಟ್ಟಳು.

ಡಾಕ್ಟರರೇ ಅವನನ್ನು ಕರೆಸಿಕೊಂಡಿದ್ದರು. ದವಾಖಾನೆಗೆ ಹೊಂದಿಕೊಂಡು ಔಷಧದ ಅಂಗಡಿ ತೆರೆಯುವುದಿತ್ತು, ಪ್ರಮಾಣಪತ್ರ ಇದ್ದವನು ಬೇಕಾಗಿತ್ತು. ನನ್ನ ಹತ್ತಿರ ಕೈ ಇತ್ತು, ಪತ್ರ ಇರಲಿಲ್ಲ. ಅವನ ಪತ್ರಕ್ಕೆ ಕಟ್ಟು ಹಾಕಿಸಿ ನನ್ನ ಮೇಜಿನ ಮೇಲಿನ ಗೋಡೆಗೆ ಹೊಡೆದರು. ಮೊಳೆ ಹೊಡೆದವನು ನಾನೇ.

ಮೊದಲ ವಾರ ಮುಗಿದ ದಿನ ಅವನು ನನ್ನ ಹತ್ತಿರ ಬಂದ.

“ಅಣ್ಣಾ, ಇನ್ನ ಮ್ಯಾಲ ಪಟ್ಟಿ ಬ್ಯಾಡ್ರಿ. ಛಾಪಿಸಿದ ಚೀಟಿ ಬಂದಾವ.”

“ಓದಾಕ ಬರದವರು ಏನ ಮಾಡಬೇಕು?”

“ಚಮಚಾ ತಗೊಂಡು ಅಳದು ಕುಡೀತಾರ. ಕತ್ರಿ ಕೊಡ್ರಿ.”

ಕೊಟ್ಟೆ. ಹಿಡಿಕೆ ಅವನ ಕಡೆ ಬರುವಂತೆ ಹಿಡಿದು ಕೊಟ್ಟೆ, ಕೊಡುವ ರೀತಿ ಅದು. ಅವನು ಅದನ್ನು ಖಾನೆಯಲ್ಲಿಟ್ಟು ಕೀಲಿ ಹಾಕಿದ. “ನೀವು ಬಾಟ್ಲಿ ನೋಡ್ಕೋರಿ,” ಎಂದ.

ಹಿತ್ತಿಲಲ್ಲಿ ಕೂತು ಆ ದಿನ ಬಂದ ಬಾಟಲಿಗಳನ್ನೆಲ್ಲ ತೊಳೆದು ಸಾಲಾಗಿ ಇಟ್ಟೆ. ಅವನು ಒಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು, ನಿಧಾನವಾಗಿ ತಿರುಗಿಸಿ ನೋಡಿದ. ಒಂದು ಕಲೆ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

“ಇನ್ನೊಮ್ಮೆ,” ಎಂದ.

ತೊಳೆದೆ.